ಹೆಸರು ನಮ್ಮದು, ಮೈದಾನ ಎಲ್ಲಿಯದೋ

ಬೆಂಗಳೂರು ಗ್ರಾಮಾಂತರಕ್ಕೂ ಒಂದು ಕ್ರಿಕೆಟ್ ತಂಡ ಇತ್ತು ಅಂದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ತೂಬಗೆರೆಯ ಹುಡುಗರು ನಗುತ್ತಾರೆ. ಇತ್ತು ಸ್ವಾಮಿ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ನಗರಕ್ಕೊಂದು ತಂಡ, ಗ್ರಾಮಾಂತರಕ್ಕೊಂದು ತಂಡ ಅಂತ ಹಂಚಿದರು. ನಗರದ್ದು ಬ್ರಿಗೇಡಿಯರ್ಸ್. ನಮ್ಮದು ಪ್ರಾವಿಡೆಂಟ್. ರಾಗಿಯ ಹೆಸರಲ್ಲ, ರೇಷ್ಮೆಯ ಹೆಸರಲ್ಲ, ಫ್ಲ್ಯಾಟ್ ಕಟ್ಟುವ ಕಂಪನಿಯ ಹೆಸರು. ಈ ಜಿಲ್ಲೆಯಲ್ಲಿ ಮುಂದೆ ಏನು ಬೆಳೆಯುತ್ತದೆ ಅನ್ನುವುದು ಕೃಷಿ ಇಲಾಖೆಗಿಂತ ಮೊದಲು ನಮ್ಮ ಆಟಗಾರರ ಅಂಗಿಗೇ ಗೊತ್ತಿತ್ತು.

ಆ ಗ್ರಾಮಾಂತರ ತಂಡಕ್ಕೆ ಗ್ರಾಮಾಂತರದಲ್ಲಿ ಒಂದು ಮೈದಾನ ಬೇಕು ಅಂತ ಯಾರಿಗೂ ತೋಚಲಿಲ್ಲ. ಅಮೆರಿಕದ ಬೇಸ್‌ಬಾಲ್ ತಂಡ ಬ್ರೂಕ್ಲಿನ್ ಡಾಜರ್ಸ್ 1957ರ ಆಟ ಮುಗಿಸಿ ಲಾಸ್ ಏಂಜಲಿಸ್‌ಗೆ ಗಂಟುಮೂಟೆ ಕಟ್ಟಿತು. ಅದರ ಎಬೆಟ್ಸ್ ಫೀಲ್ಡ್ ಮೈದಾನವನ್ನು 1960ರಲ್ಲಿ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದರು. ಬ್ರೂಕ್ಲಿನ್‌ನವರು ಕಣ್ಣೀರಿಟ್ಟರು. ಪಾಪ, ಅವರದು ಸುತ್ತುಬಳಸಿನ ದಾರಿ. ನಮ್ಮಲ್ಲಿ ಅಪಾರ್ಟ್‌ಮೆಂಟಿನವರೇ ನೇರವಾಗಿ ತಂಡ ಕಟ್ಟಿದ್ದರಿಂದ ಮೈದಾನ ಕಟ್ಟುವ, ಕೆಡವುವ ಖರ್ಚು ಎರಡೂ ಉಳಿಯಿತು. ಕಣ್ಣೀರೂ ಉಳಿಯಿತು.

ಲೀಗು ನಡುವೆ ಮಲಗಿ 2014ರಲ್ಲಿ ಎದ್ದಾಗ ಗ್ರಾಮಾಂತರ ನಾಪತ್ತೆ. ಆದರೆ ಸಿನಿಮಾದವರ ರಾಕ್‌ಸ್ಟಾರ್ಸ್ ತಂಡಕ್ಕೆ ಜಾಗ ಸಿಕ್ಕಿತು. ಹೋಗಲಿ ಬಿಡಿ, ಒಳ್ಳೆಯದೇ ಆಯಿತು. 2019ರಲ್ಲಿ ಫಿಕ್ಸಿಂಗ್ ಹಗರಣ ಹೊರಬಿದ್ದು ಆಟಗಾರರು, ಒಬ್ಬ ಮಾಲೀಕರು ಪೊಲೀಸರ ಕೈಗೆ ಸಿಕ್ಕಾಗ ನಮ್ಮ ತಂಡದ ಮೇಲೆ ಒಂದು ಚುಕ್ಕೆಯೂ ಬೀಳಲಿಲ್ಲ. ಇಲ್ಲದ ತಂಡದಷ್ಟು ಪ್ರಾಮಾಣಿಕ ತಂಡ ಇನ್ನೊಂದಿಲ್ಲ. ಫಿಕ್ಸಿಂಗ್ ಮಾಡಿದರೂ ಅದು 420 ಕಲಮಿನ ವಂಚನೆ ಆಗದು ಅಂತ 2022ರಲ್ಲಿ ಹೈಕೋರ್ಟೂ ಹೇಳಿತು.

ಆ ವರ್ಷವೇ ಲೀಗಿನ ಜಾಗಕ್ಕೆ ಮಹಾರಾಜ ಟ್ರೋಫಿ ಬಂತು. ಗೆದ್ದದ್ದು ಗುಲ್ಬರ್ಗಾ ಮಿಸ್ಟಿಕ್ಸ್. ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. (ಊರು 2014ರಲ್ಲೇ ಕಲಬುರಗಿ ಆಯಿತು ಅನ್ನುವ ಸುದ್ದಿ ತಂಡಕ್ಕೆ ಇನ್ನೂ ತಲುಪಿರಲಿಲ್ಲ. ಊರಿಗೇ ಹೋಗದವರಿಗೆ ಹೇಳುವವರು ಯಾರು?)

ಇನ್ನು ಕಬಡ್ಡಿಯ ಬೆಂಗಳೂರು ಬುಲ್ಸ್. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ಸಿಗದೆ 2017ರಲ್ಲಿ ಅದರ ‘ತವರು’ ನಾಗಪುರವಾಯಿತು, 2018ರಲ್ಲಿ ಪುಣೆ. ಆ ಸಲವೇ ಪವನ್ ಸೆಹ್ರಾವತ್ ಫೈನಲ್‌ನಲ್ಲಿ 22 ಅಂಕ ತಂದು ಕಪ್ ಗೆಲ್ಲಿಸಿದರು, ಅದೂ ಮುಂಬೈಯಲ್ಲಿ. ಕೊರೊನಾ ಕಾಲದ 2021ರ ಟೂರ್ನಿ ಇಡಿಯಾಗಿ ಬೆಂಗಳೂರಿಗೇ ಬಂತು. ವೈಟ್‌ಫೀಲ್ಡ್‌ನ ಸ್ಟಾರ್ ಹೋಟೆಲಿನೊಳಗೆ, ಪ್ರೇಕ್ಷಕರಿಗೆ ಪ್ರವೇಶವಿಲ್ಲದೆ. ಹೋರಿಗಳಿಗೆ ಕೊಟ್ಟಿಗೆ ಬೇಕಿದ್ದರೆ ನಮ್ಮನ್ನು ಕೇಳಬಹುದಿತ್ತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಸೇರುವುದು ನಮ್ಮ ತೂಬಗೆರೆ ಹೋಬಳಿಯಲ್ಲೇ. ಅಲ್ಲಿ ಹೋರಿ ಕೊಂಡವನು ಅದನ್ನು ತನ್ನ ಊರಿಗೆ ಹೊಡೆದುಕೊಂಡು ಹೋಗುತ್ತಾನೆ. ಹರಾಜಿನಲ್ಲಿ ತಂಡ ಕೊಂಡವರಿಗೆ ಆ ಪದ್ಧತಿ ಇಲ್ಲ.

ನಮ್ಮ ಹುಡುಗರು ನೀರಿಳಿದ ಕೆರೆಯಂಗಳದಲ್ಲಿ ಟೆನಿಸ್ ಬಾಲಿನಲ್ಲಿ ಆಡುತ್ತಾರೆ. ಕೆರೆ ತುಂಬಿದರೆ ಸೀಸನ್ ಮುಗಿಯಿತು. ಗೋಮಾಳಕ್ಕೆ ಹೋಗೋಣವೆಂದರೆ ಅಲ್ಲಿ ವಿಕೆಟ್ ನೆಡುವ ಮೊದಲೇ ಯಾರೋ ಸೈಟಿನ ಕಲ್ಲು ನೆಟ್ಟಿರುತ್ತಾರೆ.

ಮುಂದೆ ಗ್ರಾಮಾಂತರದ ಹೆಸರಲ್ಲಿ ತಂಡ ಕೊಳ್ಳುವ ಮಹನೀಯರೇ, ಒಂದೇ ಒಂದು ಪಂದ್ಯವನ್ನಾದರೂ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಆಡಿಸಿ. ಗ್ಯಾಲರಿ ಬೇಡ, ಕೆರೆ ಏರಿ ಸಾಕು. ಅದೂ ಆಗದಿದ್ದರೆ ನಮ್ಮ ಹೆಸರು ನಮಗೆ ಬಿಟ್ಟು, ನಿಮ್ಮ ಲೇಔಟಿನ ಹೆಸರನ್ನೇ ಇಟ್ಟುಕೊಳ್ಳಿ.