11ನೇ ನಿಮಿಷಕ್ಕೆ ಡಿವೋರ್ಸ್

ಹೆಂಡತಿ ಮಾತು ಬಿಟ್ಟು ಮೂರು ದಿನವಾಗಿತ್ತು. ಯಾಕೆ ಅಂತ ಅವಳನ್ನೇ ಕೇಳಬಹುದಿತ್ತು. ಆರಡಿ ದೂರದಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದಳು. ಆದರೆ ಮನೆಯ ಗುಟ್ಟನ್ನು ಮನೆಯವರ ಮುಂದೆ ಬಿಚ್ಚಿಡುವುದಕ್ಕೆ ಮಾನ ಮರ್ಯಾದೆ ಬೇಡವೇ? ಹೆಸರು ಮುಚ್ಚಿಟ್ಟು, 40,000 ಜನರಿರುವ ಫೇಸ್‌ಬುಕ್ ಗುಂಪಿನಲ್ಲಿ ಬರೆದೆ. ರಾತ್ರಿ ಹತ್ತಕ್ಕೆ ಇಲ್ಲಿ ತೋಡಿಕೊಂಡ ಗೋಳು ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಬೆಳಗಿನ ಕಾಫಿಯ ಹೊತ್ತಿಗೆ ಬಿಸಿಬಿಸಿಯಾಗಿ ಸಿಗುತ್ತದೆ.

11ನೇ ನಿಮಿಷಕ್ಕೆ ನನಗೆ ಡಿವೋರ್ಸ್ ಆಗಿತ್ತು.

‘ಡಿವೋರ್ಸ್ ಕೊಡಿ ಸಾರ್, ಸೆಲ್ಫ್ ರೆಸ್ಪೆಕ್ಟ್ ಮುಖ್ಯ’ ಎಂದವರ ಪ್ರೊಫೈಲಿನಲ್ಲಿ ಮುಖದ ಬದಲು ಒಂದು ಹುಲಿ. 312 ಲೈಕು. ಆಮೇಲೆ ಬಂದವರು ನನ್ನಾಕೆಗೆ ಬಿ12 ಕಮ್ಮಿ ಎಂದು ರಕ್ತ ನೋಡದೆಯೇ ರಿಪೋರ್ಟ್ ಕೊಟ್ಟರು. ಮತ್ತೊಬ್ಬರು ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿ ಎಂದರು. ಅದರ ಕೆಳಗೆ ಅಲ್ಲಿ ರೂಮು ಸಿಗುತ್ತದೋ ಇಲ್ಲವೋ ಎಂಬ ಚರ್ಚೆ ಎದ್ದು, ನನ್ನ ಸಂಸಾರ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲೇ ಉಳಿಯಿತು. ವಕೀಲರೊಬ್ಬರು ‘ಇನ್‌ಬಾಕ್ಸ್ ನೋಡಿ’ ಎಂದಷ್ಟೇ ಹೇಳಿ ಮೌನವಾದರು.

ನಮ್ಮ ಸೋದರಮಾವನೂ ಸಲಹೆ ಕೊಡುತ್ತಿದ್ದ, ಆದರೆ ಹೆದರಿಕೊಂಡೇ ಕೊಡುತ್ತಿದ್ದ. ಅವನು ತೋರಿಸಿದ ಸಂಬಂಧ ಕೆಟ್ಟರೆ ಹತ್ತು ವರ್ಷ ಯಾವ ಹಬ್ಬಕ್ಕೂ ಅವನಿಗೆ ಎಲೆ ಹಾಕುತ್ತಿರಲಿಲ್ಲ. ಹುಲಿ ಸಾರ್‌ಗೆ ಆ ಭಯವಿಲ್ಲ. ನನ್ನ ಮನೆ ಮುರಿದ ದಿನ ಅವರು ಇನ್ಯಾರದೋ ಮನೆ ಮುರಿಯುತ್ತಿರುತ್ತಾರೆ.

ಇದು ಹಳೇ ಕಸುಬು. 1691ರಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ಡಂಟನ್ ‘ಅಥೀನಿಯನ್ ಮರ್ಕ್ಯುರಿ’ ಎಂಬ ಪತ್ರಿಕೆ ಹೊರಡಿಸಿದ. ಹೆಸರು ಹೇಳದೆ ಏನನ್ನಾದರೂ ಕೇಳಿ, ವಿದ್ವಾಂಸರ ಮಂಡಳಿ ಉತ್ತರಿಸುತ್ತದೆ ಎಂದ. ಪ್ರಶ್ನೆಗಳು ರಾಶಿ ಬಿದ್ದವು. ಮಂಡಳಿಯಲ್ಲಿ ಇದ್ದವರು ಮುಖ್ಯವಾಗಿ ಮೂವರು: ಡಂಟನ್, ಒಬ್ಬ ಗಣಿತದ ಮೇಷ್ಟ್ರು ಮತ್ತು ಪಾದ್ರಿಯಾಗಿದ್ದ ಅವನ ಷಡ್ಡಕ. ಷಡ್ಡಕನ ಮಾತಿಗೆ ಮಾವನ ಮನೆಯಲ್ಲಿ ಎಷ್ಟು ಬೆಲೆಯೆಂದು ನಮಗೆ ಗೊತ್ತಿಲ್ಲವೇ? ಹೆಸರು ಮುಚ್ಚಿಕೊಂಡರೆ ಮಾತ್ರ ಅವನೂ ಅಥೆನ್ಸಿನ ಜ್ಞಾನಿ. ಹುಲಿ ಸಾರ್ ಕೂಡ ಎಲ್ಲೋ ಯಾರದೋ ಷಡ್ಡಕನೇ ಇರಬೇಕು.

ಕಲಿತವರನ್ನೇ ಕೇಳಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಇದೆ. 2022ರಲ್ಲಿ ಶುರುವಾಯಿತು, ನಮ್ಮ ನಿಮ್ಹಾನ್ಸ್‌ನ ಉಸ್ತುವಾರಿ. 14416ಕ್ಕೆ ಫೋನ್ ಮಾಡಿದರೆ ಪುಕ್ಕಟೆ. ಆದರೆ ಅವರು ಪೂರ್ತಿ ಕಥೆ ಕೇಳುತ್ತಾರೆ. ನನಗೆ ಬೇಕಿದ್ದದ್ದು ಅರ್ಧ ಕಥೆ ಕೇಳಿ ‘ಪಾಪ’ ಅನ್ನುವವರು. ಅಲ್ಲದೆ ಅಲ್ಲಿ ಲೈಕೂ ಇಲ್ಲ.

186 ಉತ್ತರಗಳ ನಡುವೆ ಒಬ್ಬ ಹೆಂಗಸು ಮಾತ್ರ ಅಧಿಕಪ್ರಸಂಗ ಮಾಡಿದ್ದರು: ‘ಮೂರು ದಿನದ ಹಿಂದೆ ಏನಾಯಿತು?’ ಒಂದೂ ಲೈಕಿಲ್ಲ. ಅವರ ಅಣ್ಣನೋ ತಮ್ಮನೋ ಎದುರಿಗಿದ್ದರೂ ಇದನ್ನೇ ಕೇಳುತ್ತಿದ್ದರೇನೋ. ಟೈಪ್ ಮಾಡಿದೆ: ‘ಅವಳ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಆಸ್ಪತ್ರೆಗೆ ಜೊತೆಗೆ ಬನ್ನಿ ಎಂದಿದ್ದಳು. ಆವತ್ತು ಮ್ಯಾಚ್...’ ಓದಿ ನೋಡಿದೆ. ಈ ಗಂಡಸಿನ ಬಗ್ಗೆ ಜನ ಏನೆಂದುಕೊಂಡಾರು? ಅಳಿಸಿ, ಹುಲಿ ಸಾರ್‌ಗೆ ಒಂದು ಹಾರ್ಟ್ ಒತ್ತಿದೆ.

ಮರುದಿನ ಅವಳು ಅಮ್ಮನನ್ನು ನೋಡಿಕೊಳ್ಳಲು ತವರಿಗೆ ಹೋದಳು. ಮಧ್ಯಾಹ್ನ ಕುಕ್ಕರ್ ಇಟ್ಟು ಗುಂಪಿನಲ್ಲಿ ಕೇಳಿದೆ: ‘ಬೇಳೆಗೆ ಎಷ್ಟು ವಿಷಲ್?’ ಎರಡರಿಂದ ಒಂಬತ್ತರವರೆಗೆ ಉತ್ತರ ಬಂದವು. ಹುಲಿ ಸಾರ್ ಮಾತ್ರ ತಮ್ಮ ಮಾತು ಬದಲಿಸಿರಲಿಲ್ಲ: ‘ಡಿವೋರ್ಸ್ ಕೊಡಿ.’