ಶ್ವಾನಶಿಶು ಗೃಹಾನಯನ ಮೀಮಾಂಸೆ

ನಾಯಿಮರಿಯನ್ನು ಕಾರಿನಲ್ಲಿ ಮನೆಗೆ ತರುವ ವಿಷಯದಲ್ಲಿ ಪೂರ್ವಸೂರಿಗಳು ಹೆಚ್ಚೇನೂ ಹೇಳಿಲ್ಲ. ಮಹಾಪ್ರಸ್ಥಾನಿಕ ಪರ್ವದಲ್ಲಿ ಇಂದ್ರ ರಥ ತಂದು ನಿಲ್ಲಿಸಿದಾಗ, ನಾಯಿಯನ್ನು ಬಿಟ್ಟು ಹತ್ತಲಾರೆ ಎಂದು ಧರ್ಮರಾಯ ಹಟ ಹಿಡಿದದ್ದನ್ನು ಕೆಲವರು ಆಧಾರವಾಗಿ ತೋರಿಸುತ್ತಾರೆ. ಅದು ಸಲ್ಲದು. ಆ ನಾಯಿ ರಥ ಹತ್ತುವ ಮೊದಲೇ ಸಾಕ್ಷಾತ್ ಯಮಧರ್ಮನಾಗಿ ನಿಂತುಬಿಟ್ಟದ್ದರಿಂದ ಸೀಟಿನ ಮೇಲೆ ವಾಂತಿಯ ಪ್ರಶ್ನೆ ಅಲ್ಲಿ ಉದ್ಭವಿಸಲೇ ಇಲ್ಲ.

ಶಾಸನಾಧಾರ ಇನ್ನೂ ಗಟ್ಟಿ, ನಿರಾಸೆಯೂ ಅಷ್ಟೇ ಗಟ್ಟಿ. ಮಂಡ್ಯ ಸೀಮೆಯ ಆತಕೂರಿನ ಕಲ್ಲು ಕ್ರಿ.ಶ. 949-50ರದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ದೊರೆ ಮೆಚ್ಚಿ ಬೇಕಾದ್ದು ಕೇಳು ಎಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಎಲ್ಲ ಸರಿ. ಆದರೆ ಅರಸನ ಬೀಡಿನಿಂದ ಕಾಳಿಯನ್ನು ಮನೆಗೆ ತಂದದ್ದು ಹೇಗೆ? ನಡೆಸಿಕೊಂಡೋ, ಗಾಡಿಯಲ್ಲೋ, ಕುದುರೆ ಮೇಲೋ? ಕಲ್ಲು ಬಾಯಿ ಬಿಡುವುದಿಲ್ಲ. ಯುದ್ಧದ ವರದಿ, ಭೂದಾನದ ವಿವರ ಎಲ್ಲಕ್ಕೂ ಜಾಗ ಸಿಕ್ಕವನಿಗೆ ಈ ಒಂದು ಸಾಲು ಭಾರವಾಯಿತೇ ಎಂಬುದು ಶಾಸನಕಾರನ ಮೇಲೆ ಪ್ರಸ್ತುತ ಲೇಖಕನ ಆಕ್ಷೇಪ.

ಹೀಗಾಗಿ ಕ್ಷೇತ್ರಕಾರ್ಯ ಅನಿವಾರ್ಯವಾಯಿತು. ಕ್ಷೇತ್ರ: ಹಲಸೂರಿನಿಂದ ದೊಮ್ಮಲೂರು, ಮುರುಗೇಶಪಾಳ್ಯ, ಎಚ್‌ಎಎಲ್ ದಾಟಿ ಮಾರತ್ತಹಳ್ಳಿ. ಇದೇ ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್‌ನಿಂದ 1961ರಲ್ಲಿ ಮಾರುತ್ ಯುದ್ಧವಿಮಾನ ಮೊದಲ ಸಲ ಹಾರಿತು. ಅದೇ ಕಾಂಪೌಂಡಿನ ಹೊರಗೆ ಸಂಜೆ ಆರು ಗಂಟೆಗೆ ಕಾರು ಎರಡನೇ ಗೇರ್ ಕಂಡರೆ ಅದನ್ನು ಪ್ರತ್ಯೇಕವಾಗಿ ದಾಖಲಿಸತಕ್ಕದ್ದು.

ಮರಿಯನ್ನು ಎಲ್ಲಿ ಕೂರಿಸಬೇಕು ಎಂಬಲ್ಲಿ ಎರಡು ಪಂಥಗಳಿವೆ: ಮಡಿಲವಾದ ಮತ್ತು ಪೆಟ್ಟಿಗೆವಾದ. ಮಡಿಲವಾದದ ಆಚಾರ್ಯರು ಸಾಮಾನ್ಯವಾಗಿ ಐದನೇ ಕ್ಲಾಸಿನವರು. "ಪಾಪ ಕಣಪ್ಪ, ಅಮ್ಮನ್ನ ಬಿಟ್ಟು ಬಂದಿದೆ, ನಾನೇ ಎತ್ಕೊಳ್ತೀನಿ" ಎಂಬುದು ಅವರ ಮೂಲಸೂತ್ರ. ಭಾವದಲ್ಲಿ ಇದಕ್ಕೆ ಎದುರಿಲ್ಲ; ಬ್ರೇಕಿನಲ್ಲಿ ಇದೆ. ಮುಂದೆ ಟೆಂಪೋ ಗಕ್ಕನೆ ನಿಂತಾಗ ಮಡಿಲಿನ ಮರಿ ಮಡಿಲಿನಲ್ಲೇ ಇರುತ್ತದೆಂಬ ಖಾತ್ರಿಯಿಲ್ಲ. ಮುಂದಿನ ಸೀಟಾದರೆ ಏರ್‌ಬ್ಯಾಗ್ ಉಬ್ಬಿ ಜೀವಕ್ಕೇ ಕುತ್ತು. ಜಾರಿ ಚಾಲಕರ ಕಾಲಬುಡಕ್ಕೆ ಸೇರಿ ಬ್ರೇಕ್ ಪೆಡಲ್ ಕೆಳಗೆ ಮಲಗಿದರಂತೂ ವಾದಿ, ಪ್ರತಿವಾದಿ ಇಬ್ಬರೂ ಒಟ್ಟಿಗೆ ಸೋಲುತ್ತಾರೆ. ಆದ್ದರಿಂದ ಪೆಟ್ಟಿಗೆವಾದವೇ ಸಿದ್ಧಾಂತ: ಗಾಳಿಯಾಡುವ ಗಟ್ಟಿ ಪೆಟ್ಟಿಗೆ ಅಥವಾ ಬುಟ್ಟಿ, ಹಿಂದಿನ ಸೀಟು, ಸುತ್ತ ಸೀಟ್ ಬೆಲ್ಟ್, ಒಳಗೆ ತಾಯಿ ಮಲಗುತ್ತಿದ್ದ ಜಾಗದ ಒಂದು ತುಂಡು ಬಟ್ಟೆ. ಆ ಬಟ್ಟೆಯ ವಾಸನೆ ಮಾಡುವ ಸಮಾಧಾನವನ್ನು ಐವರು ಸೇರಿ ಮುದ್ದು ಮಾಡಿದರೂ ಮಾಡಲಾಗದು. ಆಚಾರ್ಯರು ಪೆಟ್ಟಿಗೆಯ ಪಕ್ಕ ಕೂತು ಬೆರಳು ಒಳಗಿಡಬಹುದು. ಸೂಜಿಹಲ್ಲುಗಳು ಶಿಷ್ಯತ್ವ ಸ್ವೀಕರಿಸುತ್ತವೆ.

ಇನ್ನು ವಾಂತಿಪ್ರಕರಣ, ಮೀಮಾಂಸೆಯ ಜೀವಾಳವೇ ಇದು. ಮರಿಯ ಕಿವಿಯೊಳಗಿನ ಸಮತೋಲದ ಅಂಗ ಪೂರ್ತಿ ಬಲಿತಿರುವುದಿಲ್ಲ. ಆದ್ದರಿಂದ ಕ್ಲಚ್ಚು, ಬ್ರೇಕು, ಮತ್ತೆ ಕ್ಲಚ್ಚು ಎಂಬ ಮಾರತ್ತಹಳ್ಳಿ ತಾಳಕ್ಕೆ ಅದು ಬೇಗ ಸೋಲುತ್ತದೆ. ಪೂರ್ವಲಕ್ಷಣಗಳು: ಮೊದಲು ಆಕಳಿಕೆ, ಆಮೇಲೆ ಪದೇ ಪದೇ ತುಟಿ ನೆಕ್ಕುವುದು, ಕೊನೆಗೆ ಗದ್ದದಿಂದ ನೂಲಿನಂತೆ ಇಳಿಯುವ ಜೊಲ್ಲು. ಜೊಲ್ಲು ಕಂಡ ಮೇಲೆ ಚರ್ಚೆ ಬೇಡ, ಹಳೆ ಪೇಪರ್ ತೆಗೆಯಿರಿ. ಹೊರಡುವ ಎರಡು ಮೂರು ಗಂಟೆ ಮುಂಚೆ ಊಟ ನಿಲ್ಲಿಸಿದ್ದರೆ ಹೊಟ್ಟೆಯಲ್ಲಿ ಇರುವುದೂ ಕಡಿಮೆ, ಬರುವುದೂ ಕಡಿಮೆ; ನೀರು ಮಾತ್ರ ತಪ್ಪಿಸಬಾರದು. ಧರ್ಮಸ್ಥಳದ ಬಸ್ಸಿಗೆ ಇಟ್ಟುಕೊಂಡಿದ್ದ ಅವೊಮಿನ್ ಮಾತ್ರೆಯನ್ನು ಅರ್ಧ ಮಾಡಿ ಕೊಡೋಣವೇ ಎಂದು ಹಿರಿಯರು ಕೇಳುವುದುಂಟು. ಪಶುವೈದ್ಯರು ಹೇಳದೆ ಯಾವ ಮಾತ್ರೆಯೂ ಇಲ್ಲ. ನಿಂಬೆಹಣ್ಣು ಮೂಸಿಸುವುದಕ್ಕೂ ಶಾಸ್ತ್ರಸಮ್ಮತಿ ಇಲ್ಲ. ಅದು ಹೊಸ ಕಾರಿನ ಟೈರಿನಡಿಗೆ ಸಲ್ಲುತ್ತದೆ, ಮರಿಯ ಮೂಗಿನಡಿಗೆ ಅಲ್ಲ.

ಉಚ್ಚೆಗೆಂದು ರಸ್ತೆ ಬದಿಯಲ್ಲಿ ಇಳಿಸುವುದು ದಯೆಯ ವೇಷದ ಅಪಾಯ. ಲಸಿಕೆಗಳು ಮುಗಿಯದ ಮರಿಗೆ ಪಾರ್ವೊ ಯಮ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಪೇಪರ್ ಕಾರಿನೊಳಗೇ ಹಾಸಿ. ಬಾಗಿಲು ತೆಗೆಯುವ ಮುನ್ನ ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿ. ಬೇಕರಿಯಲ್ಲಿ ಒಂದೇ ಒಂದು ಟೀ ಎಂದು ಮರಿಯನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗುವವರ ಬಗ್ಗೆ ಈ ಪ್ರಬಂಧ ತನ್ನ ಗಾಂಭೀರ್ಯ ಬಿಟ್ಟು ಮಾತಾಡಬೇಕಾಗುತ್ತದೆ: ಬಿಸಿಲಲ್ಲಿ ಕಾರು ಕೆಲವೇ ನಿಮಿಷಕ್ಕೆ ಒಲೆಯಾಗುತ್ತದೆ, ಮರಿ ಸಾಯುತ್ತದೆ.

ವಯಸ್ಸಿನ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ಕೇಂದ್ರದ 2017ರ ನಿಯಮಗಳು ಹೇಳುತ್ತವೆ. ಪರ್ಯಾಯ ವಾಹನಗಳ ವಿಚಾರ: 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಬೆಳ್ಳಂದೂರು ಕಡೆಯ ಬಡಾವಣೆಗಳು ಮುಳುಗಿದಾಗ ಸಾಕುನಾಯಿ ಸಮೇತ ಟ್ರಾಕ್ಟರ್ ಹತ್ತಿ ಹೊರಬಂದವರುಂಟು. ಟ್ರಾಕ್ಟರ್‌ವಾದಕ್ಕೆ ಬೇರೆಯೇ ಪ್ರಬಂಧ ಬೇಕು. ಮಳೆಗಾಲ ಬಂದಾಗ ಯಾರಾದರೂ ಬರೆದಾರು.

ಉಳಿದದ್ದು ಮುಹೂರ್ತ ನಿರ್ಣಯ. ಪಂಚಾಂಗದ ರಾಹುಕಾಲ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಮಾರತ್ತಹಳ್ಳಿ ಸೇತುವೆಯದು ಹಾಗಲ್ಲ. ಭಾನುವಾರ ಬೆಳಗ್ಗೆ ಏಳರೊಳಗೆ ಮರಿ ಮನೆಯ ಹೊಸಿಲು ದಾಟುವಂತೆ ಹೊರಡುವುದು ಉತ್ತಮ, ಮಧ್ಯಾಹ್ನ ಮಧ್ಯಮ. ಶುಕ್ರವಾರ ಸಂಜೆ ಹೊರಡುವವರಿಗೆ ಈ ಮೀಮಾಂಸೆಯ ಯಾವ ಸೂತ್ರವೂ ಅನ್ವಯಿಸದು. ಅವರು ಎರಡು ಟವೆಲ್ ಹೆಚ್ಚಿಗೆ ಇಟ್ಟುಕೊಳ್ಳಲಿ.