ಕುರ್ಚಿಗೆ ಮೆತ್ತೆ, ಕುರ್ಚಿಗಿಗೆ ಮೊಳೆ

ಕೃಷಿ ಸಲಕರಣೆ ವಿತರಣೆಯ ಸಮಾರಂಭಕ್ಕೆ ಹೋದರೆ ಭಾಷಣ ಕೇಳಬೇಡಿ, ಕುರ್ಚಿ ನೋಡಿ. ಸಾಹೇಬರು ಕೈ ಊರುವ ಕಡೆ ನಾಲ್ಕು ಬೆರಳು ದಪ್ಪ ಸ್ಪಂಜು, ಮೇಲೊಂದು ಬಿಳಿ ಟವೆಲ್ಲು. ಎರಡು ತಾಸು ಏನೂ ಮಾಡದ ಕೈಗೆ ಇಷ್ಟು ಉಪಚಾರ. ಅದೇ ವೇದಿಕೆ ಇಳಿದು ಬರುವ ಹೆಣ್ಣುಮಗಳ ಕೈಯಲ್ಲೊಂದು ಕಳೆ ತೆಗೆಯುವ ಕುರ್ಚಿಗಿ. ಹಿಡಿ ಎಷ್ಟು ಮೋಟು ಎಂದರೆ ಅದರ ತುದಿ ಅಂಗೈ ನಟ್ಟನಡುವೆ ಬಂದು ಒತ್ತುತ್ತದೆ. ಮೊಳೆಯ ತಲೆ ಬೇರೆ ಎದ್ದು ನಿಂತಿದೆ, ಅದೂ ಫೋಟೊಗೆ ಪೋಸು ಕೊಡುವಂತೆ.

ಸಿರುಗುಪ್ಪ ತಾಲ್ಲೂಕಿನ ರಾರಾವಿ ವೇದಾವತಿ ದಂಡೆಯ ಊರು. ಈ ಕಡೆಯ ಎರೆ ಹೊಲ ಒಣಗಿದರೆ ಕಲ್ಲು, ನೆನೆದರೆ ಅಂಟು. ಹತ್ತಿ, ಮೆಣಸಿನಕಾಯಿ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವವರು ಹೆಚ್ಚಾಗಿ ಹೆಂಗಸರೇ. ಅಂಗೈಯಲ್ಲಿ ಗುಳ್ಳೆ ಎದ್ದಾಗ ಅವರು ಯಾವ ಇಲಾಖೆಗೂ ಅರ್ಜಿ ಹಾಕುವುದಿಲ್ಲ. ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬು ತಂದು, ಪಟ್ಟಿ ಕೊಯ್ದು, ಹಿಡಿಗೆ ಬಿಗಿಯಾಗಿ ಸುತ್ತಿ, ತುದಿಗೆ ತಂತಿ ಬಿಗಿಯುತ್ತಾರೆ. ಬೆವರಿದ ಕೈ ಜಾರದು, ಮೊಳೆ ಚುಚ್ಚದು. ಇದೇ ಕೆಲಸ ಟೈ ಕಟ್ಟಿದವರು ಮಾಡಿದ್ದರೆ ಪೇಟೆಂಟು, ಪದಕ, ಬ್ಯಾಂಕಾಕಿನಲ್ಲಿ ಸಮ್ಮೇಳನ.

ವಿಜ್ಞಾನ ಸುಮ್ಮನೆ ಕೂತಿಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ದೇಶದ ರೈತ ಕೂಲಿಕಾರರ ಮೈಯನ್ನು 79 ಬಗೆಯಲ್ಲಿ ಅಳೆದು 2009ರಲ್ಲಿ ಪುಸ್ತಕವನ್ನೇ ತಂದರು. ಅವರ ‘ನವೀನ್’ ಕುಡುಗೋಲಿನ ಹಿಡಿ ಬಾಗಿ ನೆಲದಿಂದ ತುಸು ಎತ್ತರಕ್ಕಿದೆ. ಬುಡಕ್ಕೇ ಕೊಯ್ದರೂ ಬೆರಳ ಗೆಣ್ಣು ನೆಲಕ್ಕೆ ಉಜ್ಜುವುದಿಲ್ಲ. ಭೇಷ್! ಸಂತೆಯಲ್ಲಿ ಮಾತ್ರ ಸಿಗುವುದು ಲೇತಿನಲ್ಲಿ ಉರುಟಾಗಿ ಕಡೆದು ಬಣ್ಣ ಬಳಿದ ಅದೇ ಹಿಡಿ. ಗಂಡಿಗೂ ಒಂದೇ, ಹೆಣ್ಣಿಗೂ ಒಂದೇ. ಮುಷ್ಟಿ ತುಂಬ ಹಿಡಿಯಲು ಸಾಮಾನ್ಯವಾಗಿ 30ರಿಂದ 40 ಮಿ.ಮೀ. ದಪ್ಪ ಬೇಕು, ತೆಳುವಾದರೆ ಅಂಗೈಗೆ ನಾಟುತ್ತದೆ, ದಪ್ಪವಾದರೆ ಬೆರಳು ಕೂಡುವುದಿಲ್ಲ, ಹಿಡಿತ ಬಿಗಿಯಲು ಮೊಳಕೈತನಕ ನರ ಸೆಟೆಯಬೇಕು. ಜಾತ್ರೆಯ ಬಳೆಗಾರ ಕೈ ನೋಡಿದ ಕೂಡಲೇ ಎರಡು-ನಾಲ್ಕೋ ಎರಡು-ಆರೋ ಅಂತ ಹೇಳುತ್ತಾನೆ. ಅದೇ ಕೈಗೆ ಕುರ್ಚಿಗಿ ಮಾಡುವವರಿಗೆ ಅಳತೆ ಕೇಳಬೇಕು ಎಂದೇ ಹೊಳೆದಿಲ್ಲ. ಸಿಂಗಾರಕ್ಕೆ ಸೈಜು ಉಂಟು, ದುಡಿಮೆಗಿಲ್ಲ.

ಸರಕಾರದ ಲೆಕ್ಕ ಇನ್ನೂ ಚಂದ. 2021-22ರಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 289 ರೂಪಾಯಿ, ಸಲಕರಣೆ ಹರಿತ ಮಾಡಿಸಿಕೊಳ್ಳಲು ಮೇಲೆ 10 ರೂಪಾಯಿ. ಅಂದರೆ ಕಡತದಲ್ಲಿ ಗುದ್ದಲಿಗೆ ಬಾಯಿ ಉಂಟು, ಹಿಡಿ ಇಲ್ಲ. ಮಣ್ಣಿಗೆ ತಾಗುವ ತುದಿ ಅಭಿವೃದ್ಧಿ, ಮನುಷ್ಯನಿಗೆ ತಾಗುವ ತುದಿ ಅವನ ಹಣೆಬರಹ.

ಗಂಡಸರ ಪಾಡು ಬೇರೆಯಲ್ಲ. ಸಿರುಗುಪ್ಪದ ರೈಸ್‌ಮಿಲ್ಲಿನ ಹಮಾಲರಿಗೆ ಹಿಡಿಯ ತಂಟೆಯೇ ಇಲ್ಲ, ಏಕೆಂದರೆ ಚೀಲಕ್ಕೆ ಹಿಡಿಯೇ ಇಲ್ಲ. ನಮ್ಮ ಕಡೆ ಭತ್ತದ ಚೀಲ ಎಂದರೆ 75 ಕೆ.ಜಿ. ಒಬ್ಬ ಗಂಡಾಳು ಹೊರುವ ಭಾರ 55 ಕೆ.ಜಿ. ಮೀರಿದರೆ ಅದನ್ನು ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಜಿನೀವಾದ ಕಾಗದ ಸಿರುಗುಪ್ಪಕ್ಕೆ ತಲುಪುವಷ್ಟರಲ್ಲಿ 20 ಕೆ.ಜಿ. ತೂಕ ಏರಿಸಿಕೊಂಡಿದೆ! ಗೋಣಿಯಾದರೆ ಮೂಲೆಯ ಕಿವಿ ಹಿಡಿಯಬಹುದಿತ್ತು, ಕೊಕ್ಕೆ ಹಾಕಬಹುದಿತ್ತು. ಈಗಿನ ಪ್ಲಾಸ್ಟಿಕ್ ಚೀಲ ಬೆವರು ಕೈಗೆ ಮೀನು.

ಇದೆಲ್ಲ ಆಗುತ್ತಿರುವುದು ಯಾವ ಜಿಲ್ಲೆಯಲ್ಲಿ? ಸಂಡೂರಿನ ಗುಡ್ಡ ಬಗೆದು ಅದಿರನ್ನು ಹಡಗು ಹಡಗಾಗಿ ಚೀನಾಕ್ಕೆ ತುಂಬಿದ, 2011ರಲ್ಲಿ ಸುಪ್ರೀಂ ಕೋರ್ಟೇ ಗಣಿಗಾರಿಕೆ ನಿಲ್ಲಿಸಬೇಕಾಗಿ ಬಂದ ಬಳ್ಳಾರಿಯಲ್ಲಿ. ಕಬ್ಬಿಣ ನಮ್ಮದು. ಕಟ್ಟಿಗೆಗೂ ಬರವಿಲ್ಲ, ನಾಡೆಲ್ಲ ಹಬ್ಬಿದ ಜಾಲಿಗೆ ನಮ್ಮ ಬಳ್ಳಾರಿಯದೇ ಹೆಸರು. ಕೈಯಂತೂ ನಮ್ಮದೇ. ಈ ಮೂರನ್ನೂ ಸರಿಯಾಗಿ ಜೋಡಿಸಿ ಒಂದು ಕುರ್ಚಿಗಿ ಮಾಡಲು ಮಾತ್ರ ಇನ್ನೂ ಯೋಜನಾ ವರದಿ ತಯಾರಾಗಬೇಕು.

ಅಕ್ಕಂದಿರೇ, ಮುಂದಿನ ಸಲ ಯಾರಾದರೂ ಪುಕ್ಕಟೆ ಸಲಕರಣೆ ಕೊಡಲು ಕರೆದರೆ, ಫೋಟೊಗೆ ನಗುವ ಮೊದಲು ಹಿಡಿಯನ್ನು ಮುಷ್ಟಿ ಕಟ್ಟಿ ನೋಡಿ. ಬೆರಳು ಕೂಡದಿದ್ದರೆ ವೇದಿಕೆಯ ಮೇಲೆಯೇ ಸಾಹೇಬರ ಕೈಗೆ ವಾಪಸು ಕೊಡಿ, ಒಂದು ಸಾಲು ಕಳೆ ತೆಗೆದು ತೋರಿಸಿ ಎನ್ನಿ.